ನಿಮಗಿದು ಗೊತ್ತೇ? ಹುಲಿಯ ಊಟ, ವಾರ್ಡಿನ ಊಟ

ಶಿವಮೊಗ್ಗದಿಂದ ಸಾಗರ ರಸ್ತೆಯಲ್ಲಿ ಸುಮಾರು 10 ಕಿ.ಮೀ. ಹೋದರೆ ತ್ಯಾವರೆಕೊಪ್ಪ. 1988ರಲ್ಲಿ ಶುರುವಾದ ಅಲ್ಲಿನ ಹುಲಿ–ಸಿಂಹಧಾಮ ನೋಡದ ನರ್ಸಿಂಗ್ ವಿದ್ಯಾರ್ಥಿ ಈ ಊರಲ್ಲಿ ಸಿಗುವುದು ಕಷ್ಟ. ಪೋಷಣೆಯ ಪಾಠವನ್ನೂ ಅಲ್ಲಿಂದಲೇ ಶುರು ಮಾಡೋಣ.

● ಬೆಕ್ಕಿನ ಕುಲದ ಪ್ರಾಣಿಗೆ ಬುಟ್ಟಿಗಟ್ಟಲೆ ಕ್ಯಾರೆಟ್ ಹಾಕಿದರೂ ‘ಎ’ ಜೀವಸತ್ವ ಸಿಗದು. ಅದರಲ್ಲಿನ ಬೀಟಾ ಕ್ಯಾರೊಟಿನ್ ಅನ್ನು ಜೀವಸತ್ವವಾಗಿ ಬದಲಿಸಿಕೊಳ್ಳುವ ಶಕ್ತಿ ಆ ದೇಹಕ್ಕಿಲ್ಲ. ಬೇಟೆಯ ಈಲಿಯಿಂದ ಸಿದ್ಧವಾದದ್ದೇ ಬರಬೇಕು. ನಾವು ಹಾಗಲ್ಲ, ಹರಿವೆ, ನುಗ್ಗೆಸೊಪ್ಪು ತಿಂದೇ ಕೆಲಸ ಸಾಗಿಸುತ್ತೇವೆ. ಆದರೆ ಜೊತೆಗೆ ಒಂದಿಷ್ಟು ಎಣ್ಣೆಯೋ ತುಪ್ಪವೋ ಬೇಕು. ಒಗ್ಗರಣೆ ಬರೀ ಘಮಕ್ಕಲ್ಲ.

● ಮಳೆಗಾಲದ ಕಳಲೆಯನ್ನು ಹೆಚ್ಚಿ, ದಿನಾ ನೀರು ಬದಲಿಸುತ್ತ ಎರಡು–ಮೂರು ದಿನ ನೆನೆಸಿಡುತ್ತಾರಲ್ಲ, ಆ ನೀರಿನೊಂದಿಗೆ ಹೋಗುವುದು ಬರೀ ಕಹಿಯಲ್ಲ. ಹಸಿ ಕಳಲೆಯಲ್ಲಿರುವ ಟ್ಯಾಕ್ಸಿಫಿಲಿನ್ ಒಡೆದರೆ ಸಯನೈಡ್ ಬಿಡುಗಡೆಯಾಗುತ್ತದೆ. ಉಳಿದದ್ದನ್ನು ಕುದಿಸುವ ಬಿಸಿ ನೋಡಿಕೊಳ್ಳುತ್ತದೆ.

● ಕೆಸುವಿನ ಎಲೆ ಗಂಟಲು ತುರಿಸುವುದು ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಗಳಿಂದ. ಪತ್ರೊಡೆಗೆ ಧಾರಾಳವಾಗಿ ಹುಣಸೆಹಣ್ಣು ಬೀಳುವುದು ಅದಕ್ಕೇ. ಮೂತ್ರಪಿಂಡದಲ್ಲಿ ಇದೇ ಆಕ್ಸಲೇಟಿನ ಕಲ್ಲು ಇದ್ದವರಿಗೆ ‘ಹಾಲು ಮೊಸರು ಬಿಟ್ಟುಬಿಡಿ’ ಎನ್ನುವವರು ಇವತ್ತಿಗೂ ಇದ್ದಾರೆ. ಅದು ತಿರುಗುಬಾಣ. ಊಟದಲ್ಲಿನ ಕ್ಯಾಲ್ಸಿಯಂ ಕರುಳಲ್ಲೇ ಆಕ್ಸಲೇಟನ್ನು ಹಿಡಿದು ಹೊರಗೆ ಸಾಗಿಸುತ್ತದೆ. ಹಾಲು ಬಿಟ್ಟರೆ ಅದು ಮೂತ್ರದ ದಾರಿ ಹಿಡಿಯುತ್ತದೆ.

● ಸಾಗರ ತಾಲ್ಲೂಕಿನ ಹಂದಿಗೋಡಿನ ಹೆಸರು ವೈದ್ಯಕೀಯ ಪುಸ್ತಕಗಳಲ್ಲಿದೆ. 1970ರ ದಶಕದಲ್ಲಿ ಅಲ್ಲಿನ ಬಡ ದಲಿತ ಕುಟುಂಬಗಳಲ್ಲಿ ಸೊಂಟ, ಮಂಡಿ ಹಿಡಿದು ನಡೆಯಲಾಗದವರು ಕಂಡುಬಂದರು. ಮೊದಲ ಅನುಮಾನ ಬಿದ್ದದ್ದು ಅವರ ಊಟದ ಮೇಲೆ: ಕೀಟನಾಶಕ ಹೊಡೆದ ಗದ್ದೆಯ ಏಡಿ, ಮೀನು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರೂ ಬಂದು ನೋಡಿದರು. ಮುಂದಿನ ಅಧ್ಯಯನಗಳು ತೋರಿಸಿದ್ದು ವಂಶಪಾರಂಪರ್ಯವಾಗಿ ಬರುವ ಮೂಳೆ ದೋಷವನ್ನು. ಇಲ್ಲದವರ ಕಾಯಿಲೆಗೆ ಅವರು ತಿಂದದ್ದನ್ನೇ ದೂರುವ ಚಾಳಿ ನಮಗೆ ಹಳೆಯದು. ಡಯಟ್ ಹಿಸ್ಟರಿ ಬರೆದುಕೊಳ್ಳುವಾಗ ಇದೊಂದು ನೆನಪಿರಲಿ.

● 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ, ಅಷ್ಟೇ ಬಿಳಿ ಅಕ್ಕಿಯಲ್ಲಿ 10 ಮಿ.ಗ್ರಾಂ ಕೂಡ ಇಲ್ಲ.

● ಕಬ್ಬಿಣದ ಮಾತ್ರೆಯನ್ನು ಕಾಫಿ, ಚಹಾದೊಂದಿಗೆ ನುಂಗಿದರೆ ಅರ್ಧ ವ್ಯರ್ಥ. ನಿಂಬೆ ಪಾನಕ ಒಳ್ಳೆಯ ಜೊತೆ.

● ಎಳನೀರು ಎಲ್ಲರಿಗೂ ತಂಪಲ್ಲ. ದೊಡ್ಡದೊಂದು ಎಳನೀರಲ್ಲಿ ಅರ್ಧ ಗ್ರಾಂನಷ್ಟು ಪೊಟ್ಯಾಸಿಯಂ ಇರುತ್ತದೆ. ಡಯಾಲಿಸಿಸ್ ರೋಗಿಯ ಹೃದಯದ ಬಡಿತ ಏರುಪೇರಾಗಲು ಇಂಥವೇ ಸಾಕು. ‘ಬಿಪಿಗೆ ಒಳ್ಳೆಯದು’ ಎಂದು ತರುವ ಲೋ ಸೋಡಿಯಂ ಉಪ್ಪಿನಲ್ಲೂ ಸೋಡಿಯಂ ಬದಲು ಸೇರಿರುವುದು ಪೊಟ್ಯಾಸಿಯಂ ಕ್ಲೋರೈಡ್. ಇನ್ನು ಕಮರಾಕ್ಷಿ, ಅಂದರೆ ಹಿತ್ತಲ ದಾರೆಹುಳಿ: ಮೂತ್ರಪಿಂಡ ಸೋತವರಿಗೆ ಅದು ನೇರ ವಿಷ. ಬಿಡದ ಬಿಕ್ಕಳಿಕೆಯಿಂದ ಶುರುವಾಗಿ ಫಿಟ್ಸ್‌ವರೆಗೂ ಹೋಗಬಹುದು.

● ಭೇದಿಗೂ ಎಳನೀರಿಗಿಂತ ಓಆರ್‌ಎಸ್ ಮೇಲು, ಏಕೆಂದರೆ ಎಳನೀರಲ್ಲಿ ಸೋಡಿಯಂ ಕಡಿಮೆ. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಡ್ರಿಪ್ ಬಾಟಲಿ ಮುಗಿದಾಗ, ಡಾ. ದಿಲೀಪ್ ಮಹಲನಬಿಸ್ ಉಪ್ಪು–ಗ್ಲೂಕೋಸಿನ ನೀರನ್ನು ಡ್ರಮ್ಮುಗಳಲ್ಲಿ ಕಲಸಿ ಕುಡಿಸಿ ಜೀವ ಉಳಿಸಿದರು. ದೊಡ್ಡ ಪ್ಯಾಕೆಟ್ಟಿನ ಪುಡಿಗೆ ಪೂರ್ತಿ 1 ಲೀಟರ್ ನೀರು ಬೇಕು. ಒಂದೇ ಲೋಟಕ್ಕೆ ಸುರಿಯುವ ತಾಯಂದಿರನ್ನು ಕಂಡರೆ ದಯವಿಟ್ಟು ತಡೆಯಿರಿ.

● ಸಕ್ಕರೆ ಕಾಯಿಲೆಯವರು ಲೋ ಶುಗರ್ ಆಗಿ ಬೆವರಿದಾಗ, ಎಚ್ಚರವಿದ್ದರೆ, ಮೂರು ಚಮಚ ಸಕ್ಕರೆ. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ. ಚಾಕೊಲೇಟ್ ಬೇಡ, ಅದರ ಕೊಬ್ಬು ತಡಮಾಡುತ್ತದೆ. ರೋಗಿ ಅಕಾರ್ಬೋಸ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಸಕ್ಕರೆಯೂ ಬೇಗ ಒಡೆಯದು, ಗ್ಲೂಕೋಸ್ ಪುಡಿಯೇ ಬೇಕು.

● ಅನ್ನವೇ ಔಷಧವಾಗಿದ್ದ ಕಾಲವೂ ಇತ್ತು! 1939ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ಕೆಂಪ್ನರ್ ತೀವ್ರ ರಕ್ತದೊತ್ತಡದ ರೋಗಿಗಳಿಗೆ ಅನ್ನ, ಹಣ್ಣು, ಸಕ್ಕರೆ ಬಿಟ್ಟು ಬಹುತೇಕ ಏನನ್ನೂ ಕೊಡದೆ ಒತ್ತಡ ಇಳಿಸತೊಡಗಿದರು. ಗುಟ್ಟು ಅನ್ನದಲ್ಲಿ ಇದ್ದದ್ದಕ್ಕಿಂತ ಇಲ್ಲದ್ದರಲ್ಲಿತ್ತು: ಸೋಡಿಯಂ. ನಮ್ಮ ಕಡೆ ಇದೇ ಪಥ್ಯ ಕೊಟ್ಟು ನೋಡಿ, ಗಂಜಿಯ ಪಕ್ಕ ಒಂದು ಮಿಡಿ ಉಪ್ಪಿನಕಾಯಿ ಕೂತೇ ಕೂರುತ್ತದೆ. ಸಾಗರ, ಹೊಸನಗರದಿಂದ ಬರುವ ಕ್ಯಾರಿಯರಿನ ತಳದ ಡಬ್ಬಿಯನ್ನು ಒಮ್ಮೆ ತೆಗೆದು ನೋಡುವುದು ಕ್ಷೇಮ.

● ಫ್ಲಾರೆನ್ಸ್ ನೈಟಿಂಗೇಲ್ ತನ್ನ ‘ನೋಟ್ಸ್ ಆನ್ ನರ್ಸಿಂಗ್’ ಪುಸ್ತಕದಲ್ಲಿ ಊಟಕ್ಕೇ ಎರಡು ಅಧ್ಯಾಯ ಕೊಟ್ಟಿದ್ದಾಳೆ. ಮುಟ್ಟದ ತಟ್ಟೆಯನ್ನು ‘ಆಮೇಲೆ ತಿಂದಾರು’ ಎಂದು ಮಂಚದ ಪಕ್ಕ ಬಿಟ್ಟುಹೋಗುವುದು ಅವಳಿಗೆ ಸುತರಾಂ ಆಗುತ್ತಿರಲಿಲ್ಲ.

● ನಮ್ಮ ಎಷ್ಟೋ ಮೃಗಾಲಯಗಳಲ್ಲಿ ಹುಲಿಗೆ ವಾರಕ್ಕೊಂದು ದಿನ ಉಪವಾಸ. ಕಾಡಲ್ಲೂ ಅದಕ್ಕೆ ದಿನಾ ಬೇಟೆ ಸಿಗದು, ದೇಹ ಅದಕ್ಕೆ ಒಗ್ಗಿದೆ. ಶಸ್ತ್ರಚಿಕಿತ್ಸೆಗೆ ಮುಂಚಿನ ಮನುಷ್ಯನ ಉಪವಾಸಕ್ಕೆ ಬೇರೆ ಲೆಕ್ಕ: ಸಾಮಾನ್ಯವಾಗಿ ಲಘು ಆಹಾರ ಮುಗಿದು 6 ಗಂಟೆ, ತಿಳಿ ನೀರಾದರೆ 2 ಗಂಟೆ. ಹಾಲು ಬಿದ್ದ ಕಾಫಿ ತಿಳಿ ನೀರಿನ ಸಾಲಿಗೆ ಸೇರದು, ಅದಕ್ಕೂ 6 ಗಂಟೆ. ಹಾಗಾಗಿ ಬೆಳಿಗ್ಗೆ ‘ಏನೂ ತಿಂದಿಲ್ಲ ಸಿಸ್ಟರ್’ ಅಂದವರನ್ನು ಇನ್ನೊಂದು ಪ್ರಶ್ನೆ ಕೇಳಲೇಬೇಕು: ‘ಕಾಫಿ ಕುಡಿದ್ರಾ?’

‘ಅದೊಂದು ಲೋಟ, ಅಷ್ಟೇ’ ಎಂದರೆ ಆಪರೇಷನ್ ಮುಂದಕ್ಕೆ ಹೋಯಿತು.