ಸಾಲೋಟಗಿಯ ಕಲ್ಲುಕಂಬ ಮತ್ತು ನಮ್ಮ ಲೆಕ್ಕದ ಪುಸ್ತಕ

ಜಮಾಅತಿನ ಮಹಾಸಭೆಯಲ್ಲಿ ಖಜಾಂಚಿಯವರು ಲೆಕ್ಕ ಓದಲು ಎದ್ದು ನಿಂತರೆ ಹಿಂದಿನ ಸಾಲಿನವರು ಮೆಲ್ಲಗೆ ಚಹಾಕ್ಕೆ ಹೊರಡುತ್ತಾರೆ. ಜಮೆ ಇಷ್ಟು, ಖರ್ಚು ಇಷ್ಟು, ಉಳಿಕೆ ಇಷ್ಟು. ಸುಳ್ಳು ಹೇಳುವುದಿಲ್ಲ, ನಾನೂ ಹಾಗೆ ಎದ್ದು ಹೋದವನೇ. ಖುರ್‌ಆನಿನ ಅತಿ ದೀರ್ಘ ಆಯತ್, ಅಲ್-ಬಖರದ 282, ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆಯೇ ಇದೆ. ಮಕ್ಕಳಿಗೆ ಅದನ್ನು ಪಾಠ ಮಾಡುವ ಉಸ್ತಾದ್ ಲೆಕ್ಕದ ಹೊತ್ತಿಗೆ ಅಂಗಳದಲ್ಲಿ!

ಅಭಿಪ್ರಾಯ ಬದಲಾದದ್ದು ವಿಜಯಪುರ ಜಿಲ್ಲೆಯ ಒಂದು ಕಲ್ಲಿನ ಬಗ್ಗೆ ಓದಿದ ಮೇಲೆ.

ಲೆಕ್ಕಶಾಸ್ತ್ರದ ಪ್ರೊಫೆಸರ್ ಅಂದರೆ ಬಿ.ಕಾಂ. ಮಕ್ಕಳಿಗೆ ಡೆಬಿಟ್, ಕ್ರೆಡಿಟ್ ಹೇಳಿಕೊಡುವವರು ಎಂದಷ್ಟೇ ನಮಗೆ ಗೊತ್ತು. ಆದರೆ ಈ ವಿಷಯದಲ್ಲಿ ಸಂಶೋಧನೆ ಮಾಡುವವರ ಪೈಕಿ ಹಳೆಯ ಶಾಸನ, ದಫ್ತರ ಓದಿ ಚರಿತ್ರೆ ಬರೆಯುವವರಿದ್ದಾರೆ. ಶಾಲೆಗಳು ಯಾರ ದುಡ್ಡಿನಿಂದ ನಡೆದವು ಎಂದು ಹುಡುಕುವವರಿದ್ದಾರೆ. ನೀರಿಗೂ ಮಣ್ಣಿಗೂ ಲೆಕ್ಕ ಇಡಬೇಕು ಎನ್ನುವವರಿದ್ದಾರೆ. ಈ ಮೂರಕ್ಕೂ ವಿಜಯಪುರ ಜಿಲ್ಲೆಯ ಹಳೆಯ ತಾಲೂಕುಗಳಾದ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಲ್ಲಿ ಬೇಕಾದಷ್ಟು ಸಾಮಗ್ರಿ ಇದೆ.

ಇಂಡಿ ಅಂದರೆ ನಮಗೆ ಲಿಂಬೆಹಣ್ಣು. ಅದೇ ತಾಲೂಕಿನಲ್ಲಿ ಸಾಲೋಟಗಿ ಎಂಬ ಊರಿದೆ, ಹಳೆಯ ಹೆಸರು ಪಾವಿಟ್ಟಗೆ. ಅಲ್ಲಿನ ಕಲ್ಲುಕಂಬದ ಶಾಸನ ಕ್ರಿ.ಶ. 945ರದ್ದು. ರಾಷ್ಟ್ರಕೂಟ ದೊರೆ ಮೂರನೇ ಕೃಷ್ಣನ ಮಂತ್ರಿ ನಾರಾಯಣ ಅಲ್ಲಿ ಒಂದು ವಿದ್ಯಾಶಾಲೆ ಕಟ್ಟಿಸಿದ್ದ. ಬೇರೆ ಬೇರೆ ನಾಡುಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕೆ 27 ಮನೆಗಳು. ಈಗಿನ ಮಾತಿನಲ್ಲಿ ಹಾಸ್ಟೆಲ್. ನನ್ನನ್ನು ಹಿಡಿದು ನಿಲ್ಲಿಸಿದ್ದು ಕಟ್ಟಡವಲ್ಲ, ಖರ್ಚಿನ ವಿವರ. ರಾತ್ರಿ ದೀಪಕ್ಕೆ 12 ನಿವರ್ತನ ಭೂಮಿಯ ಉತ್ಪತ್ತಿ, ಮುಖ್ಯ ಗುರುವಿಗೆ 50 ನಿವರ್ತನ. ನಿವರ್ತನ ಎಂದರೆ ಆಗಿನ ಭೂಮಿಯ ಅಳತೆ. ಸಾಲದ್ದಕ್ಕೆ ಊರಿನ ಮನೆಯವರು ಮದುವೆಯಾದರೆ 5 ನಾಣ್ಯ, ಉಪನಯನಕ್ಕೆ ಅದರ ಅರ್ಧ, ಚೌಲಕ್ಕೆ ಇನ್ನೂ ಕಮ್ಮಿ ಕೊಡಬೇಕು.

ಇದನ್ನು ಓದುವಾಗ ನಗು ಬಂತು. ನಿಖಾಹ್ ಆದರೆ ಮಸೀದಿಗೆ ಇಷ್ಟು, ಮದ್ರಸಕ್ಕೆ ಇಷ್ಟು ಎಂದು ನಮ್ಮ ಜಮಾಅತುಗಳಲ್ಲೂ ರಶೀದಿ ಹರಿಯುವುದಿಲ್ಲವೇ? ಸಾವಿರ ವರ್ಷದ ಹಿಂದೆ, ಬೇರೆ ಧರ್ಮದವರ ಊರಿನಲ್ಲಿ, ಅದೇ ಉಪಾಯ. ಆದರೆ ಒಂದು ವ್ಯತ್ಯಾಸ ಇದೆ. ಅವರು ದೀಪಕ್ಕೆ ಎಷ್ಟು, ಗುರುವಿಗೆ ಎಷ್ಟು ಎಂದು ಬಿಡಿಸಿ ಕಲ್ಲಿನಲ್ಲೇ ಕೆತ್ತಿಸಿದರು. ನಾವು "ಇತರೆ ಖರ್ಚು" ಅಂತ ಒಂದು ಗೆರೆ ಎಳೆದು ಬಿಡುತ್ತೇವೆ.

ಇನ್ನು ಮುದ್ದೇಬಿಹಾಳ. ಈಗ ಬೇರೆ ತಾಲೂಕಾಗಿರುವ ತಾಳಿಕೋಟೆ ಮೊದಲು ಇದರೊಳಗೇ ಇತ್ತು. ಯುದ್ಧದ ಇಸವಿ 1565 ಎಂದು ಶಾಲೆಯ ಮಕ್ಕಳಿಗೂ ಬಾಯಿಪಾಠ. ಆ ಕಾಲದಲ್ಲಿ ಬಿಜಾಪುರದ ಲೆಕ್ಕ ಯಾರು ಬರೆಯುತ್ತಿದ್ದರು ಎಂದು ಯಾರೂ ಕೇಳುವುದಿಲ್ಲ. 16ನೇ ಶತಮಾನದ ಮಧ್ಯದಲ್ಲಿ ಆಳಿದ ಒಂದನೇ ಇಬ್ರಾಹಿಂ ಆದಿಲ್‌ಶಾ ಸರಕಾರಿ ಲೆಕ್ಕವನ್ನು ಫಾರ್ಸಿಯಿಂದ ಬಿಡಿಸಿ ಹಿಂದವಿಗೆ ತಂದ, ಬ್ರಾಹ್ಮಣ ಲೆಕ್ಕಿಗರ ಕೈಗೆ ಕೊಟ್ಟ ಎಂದು ಬಿಜಾಪುರದಲ್ಲೇ ಇದ್ದ ಚರಿತ್ರೆಕಾರ ಫರಿಷ್ತಾ ಬರೆದಿದ್ದಾನೆ. ಸುಲ್ತಾನರನ್ನು ಕತ್ತಿಯಿಂದ ಮಾತ್ರ ಅಳೆಯುವವರು ಈ ಮಾತನ್ನು ಸ್ವಲ್ಪ ಗಮನಿಸಬೇಕು. ಇಂಥ ಮೂಲಗಳನ್ನು ಓದಲು ಫಾರ್ಸಿ, ದಖ್ಖನಿ ಬೇಕು. ಸಿಂದಗಿ ತಾಲೂಕಿನಲ್ಲಿ 1938ರಲ್ಲಿ ಹುಟ್ಟಿದ ಎಂ.ಎಂ. ಕಲಬುರ್ಗಿಯವರು ಆದಿಲಶಾಹಿ ಸಾಹಿತ್ಯವನ್ನು ಕನ್ನಡಕ್ಕೆ ತರಿಸುವ ಕೆಲಸಕ್ಕೆ ಹೆಗಲು ಕೊಟ್ಟದ್ದು ಅದಕ್ಕೇ ದೊಡ್ಡದು.

ಬಸವನ ಬಾಗೇವಾಡಿ ಬಸವಣ್ಣನವರ ಊರು. ಬಿಜ್ಜಳನ ಭಂಡಾರದಲ್ಲಿ ಕರಣಿಕರಾಗಿ, ಅಂದರೆ ಲೆಕ್ಕ ಬರೆಯುವವರಾಗಿ ಅವರ ಉದ್ಯೋಗ ಶುರುವಾಯಿತು ಎನ್ನುತ್ತಾರೆ. ಇಂದು ಆ ಭಾಗದ ದೊಡ್ಡ ಲೆಕ್ಕ ಕೃಷ್ಣಾ ನದಿಯದ್ದು. ಹಿಂದೆ ಇದೇ ತಾಲೂಕಿನಲ್ಲಿದ್ದ ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಶಂಕುಸ್ಥಾಪನೆ ಮಾಡಿದರು. ಈಗ 519.6 ಮೀಟರಿಗೆ ಸುಮಾರು 123 ಟಿಎಂಸಿ ನೀರು ನಿಲ್ಲುತ್ತದೆ. 524.256 ಮೀಟರಿಗೆ ಏರಿಸಲು ಕೃಷ್ಣಾ ಎರಡನೇ ನ್ಯಾಯಮಂಡಳಿ 2010ರಲ್ಲಿ ಒಪ್ಪಿತು. ಮೀಟರ್ ಏರಿದಂತೆ ಊರುಗಳು ಮುಳುಗುತ್ತವೆ. ಹೊಲಕ್ಕೆ ಎಕರೆ ಲೆಕ್ಕದಲ್ಲಿ ಬೆಲೆ ಕಟ್ಟಬಹುದು. ಬಾಪ, ಅಜ್ಜ ಮಲಗಿರುವ ಖಬರಸ್ಥಾನವನ್ನು ಯಾವ ಕಾಲಮಿಗೆ ಹಾಕುವುದು? ಭೂಸ್ವಾಧೀನ ಕಂಡ ನಮ್ಮ ಪೆರ್ಮುದೆ, ಬಜ್ಪೆ ಕಡೆಯವರಿಗೆ ಈ ಪ್ರಶ್ನೆ ಬಿಡಿಸಿ ಹೇಳಬೇಕಿಲ್ಲ.

ಸುಸ್ಥಿರತೆಯ ಲೆಕ್ಕ ಅನ್ನುವುದು ಇದನ್ನೇ. ವಿಶ್ವಸಂಸ್ಥೆ 2012ರಲ್ಲಿ ಪರಿಸರದ ಲೆಕ್ಕಕ್ಕೆ ಒಂದು ಮಾನದಂಡ ಒಪ್ಪಿಕೊಂಡಿತು. ನಮ್ಮ ದೇಶದಲ್ಲೂ ಶೇರು ಮಾರುಕಟ್ಟೆಯ ಮೊದಲ 1000 ಕಂಪನಿಗಳು 2022-23ರಿಂದ ಪರಿಸರ, ಸಮಾಜದ ಬಗ್ಗೆ ವರದಿ ಕೊಡುವುದು ಕಡ್ಡಾಯ. ಆದರೆ ಇಂಡಿಯಲ್ಲಿ ಬರ ಬಂದಾಗ ಟ್ಯಾಂಕರ್ ನೀರು ಹಾಕಿ ಲಿಂಬೆ ಗಿಡ ಉಳಿಸಿಕೊಳ್ಳುವ ರೈತನ ವಹಿಯಲ್ಲಿ ಟ್ಯಾಂಕರಿನ ಬಾಡಿಗೆ ಇರುತ್ತದೆ, ಬತ್ತಿದ ಬೋರ್‌ವೆಲ್ ಇರುವುದಿಲ್ಲ.

ನಮ್ಮ ಮನೆಗಳಲ್ಲಿ ಈಗ ಬಿ.ಕಾಂ., ಎಂ.ಕಾಂ. ಓದುವ ಹೆಣ್ಣುಮಕ್ಕಳು ಎಷ್ಟೋ ಮಂದಿ. ಗಲ್ಫ್ ಆಫೀಸಿನ ಅಕೌಂಟೆಂಟ್ ಕೆಲಸ ಅಥವಾ ಮದುವೆ, ಅದಕ್ಕಿಂತ ಆಚೆ ಈ ಓದಿಗೆ ದಾರಿ ಇದೆ ಎಂದು ಅವರಿಗೆ ಹೇಳಿದವರು ಕಮ್ಮಿ. ಪಿಎಚ್.ಡಿ.ಗೆ ವಿಷಯ ಹುಡುಕಲು ದೂರ ಹೋಗಬೇಕಾಗಿಲ್ಲ. ಮಸೀದಿ ಕಮಿಟಿಯ ಕಪಾಟು ತೆರೆದರೆ ಸಾಕು.

ಮೊನ್ನೆ ನಮ್ಮ ಖಜಾಂಚಿಯವರಲ್ಲಿ ಹಳೆಯ ಪುಸ್ತಕ ಕೇಳಿದೆ. "ಅದೆಲ್ಲ ಯಾಕೆ ಉಸ್ತಾದರೇ, ಆಡಿಟ್ ಆಗಿದೆಯಲ್ಲ" ಅಂದರು. ಆಮೇಲೆ ಅವರೇ ಒಂದು ಗೋಣಿಚೀಲ ತಂದು ಮದ್ರಸದ ಜಗಲಿಯಲ್ಲಿ ಸುರಿದರು. ಅರ್ಧ ಗೆದ್ದಲು ತಿಂದಿದೆ. ಉಳಿದ ಅರ್ಧದಲ್ಲಿ ಮೊದಲ ಪುಟಕ್ಕೆ ಸಿಕ್ಕಿದ್ದು ಚಿಮಣಿ ಎಣ್ಣೆಯ ಖರ್ಚು.