ಬೆಳೆಯುವ ಕೈಗೆ ತಕ್ಕ ಪಿಟೀಲು

ಬೆಳೆಯುವ ಮಕ್ಕಳಿಗೆ ಅಂಗಿಯನ್ನು ಒಂದಿಷ್ಟು ದೊಡ್ಡದಾಗಿಯೇ ಹೊಲಿಸುವುದು ನಮ್ಮ ಮನೆಗಳಲ್ಲಿ ಬಹುಕಾಲದ ರೂಢಿ. ತೋಳನ್ನು ಮಡಿಸಿ ತೊಡಿಸಿದರೆ ಎರಡು ವರ್ಷ ಬಾಳುತ್ತದೆ. ಮಗುವಿಗೂ ನಷ್ಟವಿಲ್ಲ, ತಂದೆಯ ಜೇಬಿಗೂ ಹಿತ. ಇದೇ ಲೆಕ್ಕವನ್ನು ಪಿಟೀಲಿಗೂ ಅನ್ವಯಿಸಿ, ಎಂಟು ವರ್ಷದ ಮಗುವಿನ ಕೈಗೆ ದೊಡ್ಡವರ ವಾದ್ಯವನ್ನೇ ಕೊಡುವವರು ಅನೇಕರಿದ್ದಾರೆ. ನಾವೂ ಆ ಗುಂಪಿಗೆ ಸೇರಿದ್ದವರೇ. ತಂತಿಯ ಕಂಪನಗಳ ಪಾಠವನ್ನು ವರ್ಷವರ್ಷವೂ ತರಗತಿಯಲ್ಲಿ ಒಪ್ಪಿಸುವವರು ಹಾಗೆ ಮಾಡಬಾರದಿತ್ತು, ಆದರೂ ಮಾಡಿದೆವು.

ನಮ್ಮ ಮಗಳಿಗೆ ಎಂಟೂವರೆ ವರ್ಷವಾಗಿದ್ದಾಗ ಅವಳ ತಾತನ ಪಿಟೀಲನ್ನು ಅಟ್ಟದಿಂದ ಇಳಿಸಿ, ತಂತಿ ಕಟ್ಟಿಸಿ, ಪಾಠಕ್ಕೆ ಸೇರಿಸಿದೆವು. ಮೂರು ತಿಂಗಳು ಕಳೆದರೂ ಸರಳೆ ವರಸೆಯಲ್ಲಿ ಗಾಂಧಾರ ನೆಟ್ಟಗಾಗಲಿಲ್ಲ. ಮಗುವಿಗೆ ಸ್ವರಜ್ಞಾನ ಸಾಲದೆಂದು ಪಾಠ ಹೇಳುತ್ತಿದ್ದವರು ತೀರ್ಪಿತ್ತರು. ನಮಗೆ ಸೋಜಿಗವಾದುದು ಇನ್ನೊಂದು ಸಂಗತಿ: ಅದೇ ವರಸೆಯನ್ನು ಬಾಯಲ್ಲಿ ಹಾಡಿದಾಗ ಅವಳ ಗಾಂಧಾರ ಶ್ರುತಿಗೆ ಸರಿಯಾಗಿ ಕೂರುತ್ತಿತ್ತು. ಕಿವಿಗೆ ತಿಳಿದದ್ದು ಕೈಗೇಕೆ ತಿಳಿಯಲಿಲ್ಲ? ಒಂದು ಸಂಜೆ ಅಳತೆಪಟ್ಟಿಯನ್ನು ತೆಗೆದುಕೊಂಡು ಅವಳ ಪಕ್ಕದಲ್ಲಿ ಕುಳಿತೆವು.

ಈ ಅಳತೆಯ ಅರ್ಥ ತಿಳಿಯಬೇಕಾದರೆ ಹಳೆಯ ನಿಯಮವೊಂದನ್ನು ನೆನೆಯಬೇಕು. ಎಳೆತವೂ ತಂತಿಯೂ ಬದಲಾಗದಿದ್ದರೆ ಕಂಪನಸಂಖ್ಯೆಯು ತಂತಿಯ ಉದ್ದಕ್ಕೆ ವಿಲೋಮವಾಗಿರುತ್ತದೆ. ಉದ್ದ ಅರ್ಧವಾದರೆ ಸ್ವರ ಒಂದು ಸ್ಥಾಯಿ ಮೇಲೇರುತ್ತದೆ. ಪುರಂದರದಾಸರು ಆರಂಭದ ಪಾಠಗಳಿಗೆ ಗೊತ್ತುಮಾಡಿದರೆಂದು ಸಂಪ್ರದಾಯವು ಹೇಳುವ ಮಾಯಾಮಾಳವಗೌಳದಲ್ಲಿ, ಷಡ್ಜವನ್ನು 1 ಎಂದಿಟ್ಟುಕೊಂಡರೆ ಶುದ್ಧ ಋಷಭವು 16/15, ಅಂತರ ಗಾಂಧಾರವು 5/4, ಶುದ್ಧ ಮಧ್ಯಮವು 4/3. ಆದ್ದರಿಂದ ತಂತಿಯ ಮೇಲ್ತುದಿಯಿಂದ ಅಳೆದಾಗ ಋಷಭದ ಬೆರಳು ಒಟ್ಟು ಉದ್ದದ ಹದಿನಾರನೆಯ ಒಂದು ಪಾಲಿನಲ್ಲಿಯೂ, ಗಾಂಧಾರದ್ದು ಐದನೆಯ ಒಂದು ಪಾಲಿನಲ್ಲಿಯೂ, ಮಧ್ಯಮದ್ದು ಕಾಲುಪಾಲಿನಲ್ಲಿಯೂ ಕೂರಬೇಕು.

ದೊಡ್ಡವರ ಪಿಟೀಲಿನಲ್ಲಿ ನುಡಿಯುವ ತಂತಿಯ ಉದ್ದ ಸುಮಾರು 328 ಮಿಲಿಮೀಟರು. ಅಂದರೆ ಋಷಭ 20.5 ಮಿ.ಮೀ.ನಲ್ಲಿ, ಗಾಂಧಾರ 65.6ರಲ್ಲಿ, ಮಧ್ಯಮ 82ರಲ್ಲಿ. ಗಾಂಧಾರಕ್ಕೂ ಮಧ್ಯಮಕ್ಕೂ ನಡುವೆ ಕೇವಲ 16 ಮಿ.ಮೀ. ಇದ್ದರೆ, ಋಷಭಕ್ಕೂ ಗಾಂಧಾರಕ್ಕೂ ನಡುವೆ 45 ಮಿ.ಮೀ. ಇದೆ! ಮೊದಲ ಪಾಠದ ರಾಗದಲ್ಲಿಯೇ ತೋರುಬೆರಳಿಗೂ ನಡುಬೆರಳಿಗೂ ಇಷ್ಟು ದೊಡ್ಡ ಕಂದರ. ಹಾಡುವ ಮಗುವಿಗೆ ಇದು ತೊಂದರೆಯೇ ಅಲ್ಲ, ಗಂಟಲಿಗೆ ಮಿಲಿಮೀಟರುಗಳಿಲ್ಲವಷ್ಟೆ.

ನಮ್ಮ ಹುಡುಗಿಯ ಬೆರಳುಗಳು ಎಷ್ಟು ಹಿಗ್ಗಿಸಿದರೂ 40 ಮಿ.ಮೀ.ಗಿಂತ ಹೆಚ್ಚು ಅಗಲವಾಗಲಿಲ್ಲ. ಋಷಭವನ್ನು ಸರಿಯಾಗಿಟ್ಟರೆ ಗಾಂಧಾರದ ಬೆರಳು 61ರ ಆಸುಪಾಸಿನಲ್ಲಿ ಬೀಳುತ್ತಿತ್ತು. ಲೆಕ್ಕ ಹಾಕಿದರೆ ಈ ಕೊರತೆ ಅರ್ಧಸ್ವರದ ಮೂರರಲ್ಲಿ ಒಂದು ಪಾಲಿನಷ್ಟು. ಸಂಗೀತ ಬಲ್ಲವರಿಗೆ ಅಸಹ್ಯವಾಗುವಷ್ಟು. ಮಗು ತಪ್ಪು ನುಡಿಸುತ್ತಿತ್ತೆಂಬುದು ನಿಜ. ಆದರೆ ಆ ತಪ್ಪು ಕಿವಿಯದಲ್ಲ, ರೇಖಾಗಣಿತದ್ದು.

ನಮ್ಮ ಸಂಗೀತದಲ್ಲಿ ಬೆರಳನ್ನು ಜಾರಿಸಿ ನುಡಿಸುವುದೇ ಹೆಚ್ಚಲ್ಲವೆ, ಅಳತೆಯ ಗೊಡವೆ ಏಕೆ ಎಂದು ವಾಚಕರಲ್ಲಿ ಯಾರಾದರೂ ಕೇಳಬಹುದು. ಜಾರುವ ಬೆರಳೂ ಒಂದು ಕಡೆ ನಿಲ್ಲಬೇಕು. ನಿಲ್ಲಬೇಕಾದ ತಾಣ ಕೈಗೆ ಎಟುಕದಿದ್ದರೆ ಮಣಿಕಟ್ಟು ತಿರುಚಿಕೊಳ್ಳುತ್ತದೆ, ಹೆಬ್ಬೆರಳು ಪಿಟೀಲಿನ ಕುತ್ತಿಗೆಯನ್ನು ಹಿಡಿದು ಹಿಂಡುತ್ತದೆ, ಗಮಕ ನಡುಕವಾಗುತ್ತದೆ. ಈ ಬಿಗಿತ ಒಮ್ಮೆ ಕೈಗೆ ಅಂಟಿತೆಂದರೆ ಕೈ ಬೆಳೆದ ಮೇಲೂ ಸುಲಭವಾಗಿ ಬಿಡುವುದಿಲ್ಲ.

ಇದಕ್ಕೆ ಪರಿಹಾರವಾಗಿ ಚಿಕ್ಕ ಪಿಟೀಲುಗಳಿವೆ: ಮುಕ್ಕಾಲು, ಅರ್ಧ, ಕಾಲು, ಅದಕ್ಕೂ ಕಿರಿದಾಗಿ 1/8, 1/16. ಜಪಾನಿನ ಶಿನಿಚಿ ಸುಜುಕಿ (1898–1998) ಅವರ ಬೋಧನಾಕ್ರಮ ಹರಡಿದ ಮೇಲೆ ಮೂರು ನಾಲ್ಕು ವರ್ಷದ ಕೂಸುಗಳೂ ಪಿಟೀಲು ಹಿಡಿಯುವಂತಾಗಿ, ಅತಿ ಸಣ್ಣ ಅಳತೆಗಳಿಗೆ ಬೇಡಿಕೆ ಹೆಚ್ಚಿತು. ಆದರೆ ಈ ಭಿನ್ನರಾಶಿಗಳನ್ನು ನಂಬಿ ಲೆಕ್ಕಕ್ಕೆ ಕುಳಿತ ವಿದ್ಯಾರ್ಥಿಗೆ ಮೋಸವಾಗುತ್ತದೆ. ಪೂರ್ಣ ಪಿಟೀಲಿನ ಒಡಲು ಸುಮಾರು 356 ಮಿ.ಮೀ. ಉದ್ದವಾದರೆ ‘ಅರ್ಧ’ ಎನ್ನಿಸಿಕೊಳ್ಳುವುದರ ಒಡಲು 315ರ ಸಮೀಪದ್ದು. ಹತ್ತರಲ್ಲಿ ಒಂಬತ್ತು ಪಾಲಿಗೆ ಸ್ವಲ್ಪವೇ ಕಡಿಮೆ. ಉದ್ದ ಬೇಡ, ಗಾತ್ರವನ್ನು ಹಿಡಿಯೋಣವೆಂದರೆ, ಘನಮಾಡಿದಾಗಲೂ ಹತ್ತರಲ್ಲಿ ಏಳು ಪಾಲು ಬರುತ್ತದೆ. ಸುಮಾರು 280 ಮಿ.ಮೀ. ಒಡಲಿನ ‘ಕಾಲು’ ಪಿಟೀಲೇ ಗಾತ್ರದಲ್ಲಿ ಹೆಚ್ಚುಕಡಿಮೆ ಅರ್ಧ! ಇವು ಚಪ್ಪಲಿಯ ನಂಬರುಗಳಂತೆ ಬರಿಯ ಹೆಸರುಗಳು. ತಯಾರಕರಿಂದ ತಯಾರಕರಿಗೆ ಕೊಂಚ ಬದಲಾಗುವುದೂ ಉಂಟು. ಆದ್ದರಿಂದ ಹೆಸರನ್ನು ಬಿಟ್ಟು ಕುದುರೆಯಿಂದ ಮೇಲ್ತುದಿಯ ದಿಣ್ಣೆಯವರೆಗಿನ ತಂತಿಯನ್ನೇ ಅಳೆಯುವುದು ಲೇಸು. ಮುಕ್ಕಾಲರಲ್ಲಿ ಅದು ಸುಮಾರು 308, ಅರ್ಧದಲ್ಲಿ 285, ಕಾಲರಲ್ಲಿ 260 ಮಿ.ಮೀ.

ಋಷಭ ಗಾಂಧಾರಗಳ ಅಂತರವು ತಂತಿಯ 11/80 ಪಾಲು. 40 ಮಿ.ಮೀ. ಹಿಗ್ಗುವ ಬೆರಳುಗಳಿಗೆ 291 ಮಿ.ಮೀ. ತಂತಿ ಸಲ್ಲುತ್ತದೆ, ಅಂತಹ ಪಿಟೀಲಿಲ್ಲ. ಮುಕ್ಕಾಲು ಮತ್ತು ಅರ್ಧಗಳ ನಡುವೆ ನಿಂತಾಗ ಚಿಕ್ಕದನ್ನೇ ಆರಿಸಬೇಕು. ಏಕೆಂದರೆ ಹಿಗ್ಗಿನ ಪರಮಾವಧಿಯಲ್ಲಿ ಯಾರೂ ಗಂಟೆಗಟ್ಟಲೆ ನುಡಿಸಲಾರರು. ಪಶ್ಚಿಮದಲ್ಲಿ ಪಿಟೀಲನ್ನು ಗಲ್ಲಕ್ಕಿಟ್ಟು, ಎಡಗೈಯನ್ನು ಚಾಚಿ, ಮೊಣಕೈ ಪೂರ್ತಿ ನೆಟ್ಟಗಾಗದೆ ಅಂಗೈಯಲ್ಲಿ ವಾದ್ಯದ ಸುರುಳಿ ಹಿಡಿಸುತ್ತದೆಯೆ ಎಂದು ನೋಡುತ್ತಾರೆ. ನೆಲದ ಮೇಲೆ ಕುಳಿತು ಸುರುಳಿಯನ್ನು ಬಲಪಾದದ ಮೇಲೆ ಊರುವ ನಮ್ಮವರಿಗೆ ಆ ಒಂದೇ ಪರೀಕ್ಷೆ ಸಾಲದು. ಕುಳಿತ ಭಂಗಿಯಲ್ಲಿಯೇ ಬೆರಳಿಡಿಸಿ ನೋಡಬೇಕು.

ವಾದ್ಯವನ್ನು ಕಿರಿದುಮಾಡಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಕಂಪನಸಂಖ್ಯೆಯು ಎಳೆತದ ವರ್ಗಮೂಲವನ್ನು ಅನುಸರಿಸುತ್ತದೆಂಬುದು ಫ್ರಾನ್ಸಿನ ಮೆರ್ಸೆನ್ 1636ರ ಸುಮಾರಿನಲ್ಲಿ ಪ್ರಕಟಿಸಿದ ನಿಯಮ. ದೊಡ್ಡ ಪಿಟೀಲಿನ ತಂತಿಯನ್ನೇ ಅರ್ಧ ಪಿಟೀಲಿಗೆ ಬಿಗಿದು ಅದೇ ಶ್ರುತಿಗೆ ಕೂಡಿಸಿದರೆ, ಎಳೆತವು ಮೊದಲಿನ ಮುಕ್ಕಾಲು ಪಾಲಿಗೆ ಇಳಿಯುತ್ತದೆ. ಹಾಡುಗಾರರ ಅನುಕೂಲಕ್ಕಾಗಿ ಶ್ರುತಿಯನ್ನು ಇನ್ನೊಂದು ಸ್ವರ ತಗ್ಗಿಸಿದರೆ ಉಳಿಯುವುದು ಹತ್ತರಲ್ಲಿ ಆರು ಪಾಲು. ತಂತಿ ಸಡಿಲವಾಗಿ, ಕಮಾನಿನ ಒತ್ತಡ ಸ್ವಲ್ಪ ಹೆಚ್ಚಾದರೂ ನಾದ ಕರಕರವೆನ್ನುತ್ತದೆ. ಕಮಾನಿನಿಂದ ನುಡಿಯುವ ತಂತಿಯ ವರ್ತನೆಯನ್ನು ಸಿ. ವಿ. ರಾಮನ್ ಅವರು ಕಲ್ಕತ್ತೆಯಲ್ಲಿದ್ದಾಗ ಆಳವಾಗಿ ಪರಿಶೀಲಿಸಿ 1918ರಲ್ಲಿ ದೀರ್ಘ ಪ್ರಬಂಧವನ್ನು ಹೊರತಂದರು. ಕಮಾನಿನ ಒತ್ತಡಕ್ಕೆ ಒಂದು ಕನಿಷ್ಠ ಮಿತಿಯುಂಟು, ಅದರ ಕೆಳಗೆ ಮೂಲಸ್ವರ ನಿಲ್ಲದು ಎಂಬುದನ್ನು ವಿವರಿಸಿದವರು ಅವರು. ಒತ್ತಡ ಅತಿಯಾದರೂ ಕೆಡುಕೇ. ಈ ಎರಡರ ನಡುವಿನ ಹಾದಿಯನ್ನು ಮಗುವಿನ ಕೈ ಕಂಡುಕೊಳ್ಳಬೇಕಾದರೆ ತಂತಿ, ಕಮಾನು ಎರಡೂ ಅದೇ ಅಳತೆಯವಾಗಿರಬೇಕು. ಅರ್ಧ ಪಿಟೀಲಿಗೆಂದೇ ಮಾಡಿದ ತಂತಿಯು ಹೆಚ್ಚು ಭಾರವಾಗಿರುತ್ತದೆ. ಎಳೆತ ಕುಗ್ಗದಿರಬೇಕಾದರೆ ಪ್ರತಿ ಮಿಲಿಮೀಟರಿನ ತೂಕವು ಸುಮಾರು ಮೂರರಲ್ಲೊಂದು ಪಾಲು ಏರಬೇಕಷ್ಟೆ.

ತೀರ ಸರಿಪಡಿಸಲಾಗದ ದೋಷವೊಂದುಂಟು. ಪೂರ್ಣ ಪಿಟೀಲಿನ ಒಡಲಿನೊಳಗಿನ ಗಾಳಿ ಸೆಕೆಂಡಿಗೆ ಸುಮಾರು 280 ಕಂಪನಗಳಲ್ಲಿ ಅನುನಾದಗೊಂಡು ಕೆಳಸ್ವರಗಳಿಗೆ ಪುಷ್ಟಿ ಕೊಡುತ್ತದೆ. ಒಡಲು ಕಿರಿದಾದಂತೆ ಈ ಅನುನಾದ ಮೇಲೇರಿ, ಮಂದ್ರದ ತಂತಿ ಬಡವಾಗುತ್ತದೆ. ಅಮೆರಿಕದ ಕಾರ್ಲೀನ್ ಹಚಿನ್ಸ್ (1911–2009) ಎಂಬಾಕೆ ಇಂತಹ ಅನುನಾದಗಳನ್ನು ಪಳಗಿಸಿ ಎಂಟು ಅಳತೆಗಳ ಹೊಸ ಪಿಟೀಲು ಕುಟುಂಬವನ್ನೇ 1960ರ ದಶಕದಲ್ಲಿ ರೂಪಿಸಿದರು. ಆದರೆ ಅವು ಮಕ್ಕಳ ವಾದ್ಯಗಳಲ್ಲ. ಚಿಕ್ಕ ಪಿಟೀಲಿನ ಮಂದ್ರ ಸಣ್ಣಗೆ ಕೇಳಿಸಿದರೆ ಮಗುವನ್ನು ಗದರಿಸದಿರುವುದೇ ಸದ್ಯದ ಉಪಾಯ.

ಈಗ ಹಣದ ಮಾತು. ಆರು ವರ್ಷಕ್ಕೆ ಕಲಿಕೆ ಆರಂಭಿಸಿದ ಮಗು ಹನ್ನೆರಡರ ಹೊತ್ತಿಗೆ ಕಾಲು, ಅರ್ಧ, ಮುಕ್ಕಾಲುಗಳನ್ನು ದಾಟಿ ಪೂರ್ಣಕ್ಕೆ ಬರಬಹುದು. ಪ್ರತಿಯೊಂದೂ ಒಂದೆರಡು ವರ್ಷದ ಅತಿಥಿ. ಎಲ್ಲವನ್ನೂ ಕೊಳ್ಳುವುದು ಸಾಮಾನ್ಯ ಸಂಸಾರಕ್ಕೆ ಹೊರೆ; ಅಂಗಿಯ ಲೆಕ್ಕ ಹುಟ್ಟಿಕೊಳ್ಳುವುದೂ ಇಲ್ಲಿಯೇ. ಅಮೆರಿಕ, ಇಂಗ್ಲೆಂಡು, ಜರ್ಮನಿಗಳಲ್ಲಿ ವಾದ್ಯದಂಗಡಿಗಳು ತಿಂಗಳ ಬಾಡಿಗೆಗೆ ಚಿಕ್ಕ ಪಿಟೀಲುಗಳನ್ನು ಕೊಟ್ಟು, ಮಗು ಬೆಳೆದಾಗ ಹಳೆಯದನ್ನು ಪಡೆದು ಮುಂದಿನ ಅಳತೆಯದನ್ನು ಕೊಡುತ್ತವೆ. ತೆತ್ತ ಬಾಡಿಗೆಯಲ್ಲಿ ಒಂದಂಶವನ್ನು ಮುಂದೆ ಕೊಳ್ಳುವ ವಾದ್ಯದ ಬೆಲೆಗೆ ವಜಾ ಮಾಡುವ ಅಂಗಡಿಗಳೂ ಇವೆ. ನಮ್ಮಲ್ಲಿ ಈ ಏರ್ಪಾಟು ಎಲ್ಲ ಊರುಗಳಲ್ಲಿಯೂ ಸಿಗುವಂಥದಲ್ಲ. ಹಾಗೆಂದು ಕೈಕಟ್ಟಿ ಕೂರಬೇಕಾಗಿಲ್ಲ. ಒಬ್ಬರೇ ಗುರುಗಳ ಬಳಿ ಕಲಿಯುವ ನಾಲ್ಕಾರು ಮನೆಗಳವರು ಕೂಡಿಕೊಂಡು ಚಿಕ್ಕ ಪಿಟೀಲುಗಳನ್ನು ಸರದಿಯಂತೆ ಬಳಸಬಹುದು. ಬಾಡಿಗೆಗೆ ತರುವಾಗ ಬಿರಡೆಗಳು ಜಾರದೆ ನಿಲ್ಲುತ್ತವೆಯೆ, ಕುದುರೆ ನೆಟ್ಟಗಿದೆಯೆ, ತಂತಿಗಳು ಹಲಗೆಯಿಂದ ಬಹಳ ಎತ್ತರದಲ್ಲಿಲ್ಲವಷ್ಟೆ ಎಂದು ನೋಡಿಕೊಳ್ಳಬೇಕು. ತಂತಿ ಎತ್ತರವಾಗಿದ್ದರೆ ಒತ್ತುವಾಗ ಅದು ಹಿಗ್ಗಿ ಸ್ವರ ಮೇಲೇರುತ್ತದೆ. ಎಳೆಯ ಬೆರಳೂ ನೋಯುತ್ತದೆ.

ನಾವು ಬಾಡಿಗೆಗೆ ತಂದ ಅರ್ಧ ಪಿಟೀಲಿನಲ್ಲಿ ಗಾಂಧಾರ 57 ಮಿ.ಮೀ.ನಲ್ಲಿತ್ತು. ಎರಡನೆಯ ವಾರಕ್ಕೆ ಅದು ಶ್ರುತಿಗೆ ಕೂತಿತು. ಸ್ವರಜ್ಞಾನದ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಒಂದೂವರೆ ವರ್ಷದ ಬಳಿಕ ಅದನ್ನು ಹಿಂದಿರುಗಿಸಿ ಮುಕ್ಕಾಲನ್ನು ತಂದಾಗ ಹುಡುಗಿಯ ಬೆರಳು ಹಳೆಯ ಅಭ್ಯಾಸದಂತೆ 57ರಲ್ಲಿಯೇ ಇಳಿದು, ಗಾಂಧಾರ ಪುನಃ ತಗ್ಗಿತು. ಕೊರತೆಯೂ ಮೊದಲಿನಷ್ಟೇ, ಅರ್ಧಸ್ವರದ ಮೂರರಲ್ಲಿ ಒಂದು ಪಾಲು. ಅವಳು ಮುಖ ಸಿಂಡರಿಸಿ, ತಲೆ ಬಾಗಿಸಿ ಕಿವಿಗೊಟ್ಟು, ಬೆರಳನ್ನು ಮುಂದಕ್ಕೆ ಸರಿಸಿದಳು. ಈ ಸಲ ಅದು ಎಟುಕಿತು. ಎಂಟು ಹತ್ತು ದಿನಗಳಲ್ಲಿ, ನಾವು ಅಳತೆಪಟ್ಟಿಯನ್ನು ಮುಟ್ಟುವ ಮೊದಲೇ, ಬೆರಳು ತಾನಾಗಿ 61.6ರ ಬಳಿ ನೆಲೆಸಿತ್ತು.