ನಿಮಗಿದು ಗೊತ್ತೇ? ದಂಡಕ್ಕೆ ಹೆದರಿ ನಶೆ ಬಿಡುತ್ತಾರೆಯೇ?

◆ ಪೋರ್ಚುಗಲ್‌ನಲ್ಲಿ 2001ರ ಜುಲೈ 1ರಿಂದ ಸ್ವಂತ ಬಳಕೆಯ ಮಾದಕ ವಸ್ತುವಿಗೆ ಜೈಲಿಲ್ಲ. ಹಾಗಂತ ಅನುಮತಿಯೂ ಇಲ್ಲ! 1 ಗ್ರಾಂವರೆಗಿನ ಹೆರಾಯಿನ್ ಅಥವಾ 25 ಗ್ರಾಂವರೆಗಿನ ಗಾಂಜಾದೊಂದಿಗೆ ಸಿಕ್ಕಿಬಿದ್ದವರು ಹೋಗಬೇಕಾದದ್ದು ಕೋರ್ಟಿಗಲ್ಲ, ಮೂವರು ಸದಸ್ಯರ ಆಯೋಗದ ಮುಂದೆ. ಕಾನೂನು, ಆರೋಗ್ಯ, ಸಮಾಜಕಾರ್ಯ ಬಲ್ಲವರು ಅಲ್ಲಿ ಕೂತು ಮಾತಾಡಿಸುತ್ತಾರೆ.

◆ ಈ ಆಯೋಗ ದಂಡ ಹಾಕಬಹುದು. ಆದರೆ ವ್ಯಸನಿಗೆ ಮಾತ್ರ ದಂಡ ಹಾಕುವಂತಿಲ್ಲ! ಎಷ್ಟು ವಿವೇಕದ ನಿಯಮ! ನಶೆಗೆ ಮನೆಯ ಪಾತ್ರೆಯನ್ನೂ ಮಾರುವವನಿಂದ ದುಡ್ಡು ಕೀಳುವುದರಲ್ಲಿ ಅರ್ಥವಿಲ್ಲ. ಅವನಿಗೆ ಬೇಕಾದದ್ದು ಚಿಕಿತ್ಸೆ. ಮೊದಲ ಸಲ ಸಿಕ್ಕಿದ, ಚಟ ಅಂಟದವರ ಪ್ರಕರಣವನ್ನು ಸಾಮಾನ್ಯವಾಗಿ ಅಮಾನತಿನಲ್ಲಿಡುತ್ತಾರೆ.

◆ ಪೋರ್ಚುಗಲ್‌ನಲ್ಲಿ 2001ರಲ್ಲಿ ಸೂಜಿಯಿಂದ ನಶೆ ಏರಿಸಿಕೊಳ್ಳುವವರಲ್ಲಿ ಸಾವಿರಕ್ಕೂ ಹೆಚ್ಚು ಹೊಸ ಎಚ್‌ಐವಿ ಪ್ರಕರಣಗಳಿದ್ದವು. 2017ರ ವೇಳೆಗೆ ಇಪ್ಪತ್ತಕ್ಕೂ ಕಡಿಮೆ! ಇದರ ಶ್ರೇಯಸ್ಸು ದಂಡಕ್ಕಲ್ಲ. ಹೊಸ ಸೂಜಿ ಕೊಟ್ಟವರಿಗೆ, ಹೆರಾಯಿನ್ ಬದಲಿಗೆ ಕೊಡುವ ಮೆಥಡೋನ್ ಔಷಧದ ಚಿಕಿತ್ಸೆ ನೀಡಿದವರಿಗೆ ಸಲ್ಲಬೇಕು.

◆ ದಕ್ಷಿಣ ಆಸ್ಟ್ರೇಲಿಯಾ 1987ರಲ್ಲೇ ಅಲ್ಪ ಗಾಂಜಾಕ್ಕೆ ಕೇಸಿನ ಬದಲು ದಂಡದ ನೋಟಿಸ್ ತಂದಿತು. ಚೀಟಿ ಹರಿದು ಕೊಡುವುದು ಪೊಲೀಸರಿಗೆ ಸಲೀಸಾಯಿತು. ಮೊದಲ ವರ್ಷ ಸುಮಾರು 6 ಸಾವಿರವಿದ್ದ ನೋಟಿಸ್ 1993-94ರಲ್ಲಿ 17 ಸಾವಿರ ದಾಟಿತು! ಅರ್ಧದಷ್ಟು ಜನವೂ ಗಡುವಿನೊಳಗೆ ಕಟ್ಟಲಿಲ್ಲ. ಕಟ್ಟದವರು ಕೊನೆಗೆ ಕೋರ್ಟು ಮೆಟ್ಟಿಲು ಹತ್ತಿದರು. ಶಿಕ್ಷೆಯನ್ನೇ ವಿಧಿಸುತ್ತಿದ್ದ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಸಿಕ್ಕಿಬಿದ್ದವರ ಜೊತೆ ಇವರನ್ನು ಸಂಶೋಧಕರು ಹೋಲಿಸಿ ನೋಡಿದರು. ಎರಡೂ ಕಡೆ ಹೆಚ್ಚಿನವರು ಗಾಂಜಾ ಬಿಟ್ಟಿರಲಿಲ್ಲ. ಕೆಲಸಕ್ಕೆ ಕುತ್ತು ಬಂದದ್ದು ಮಾತ್ರ ಶಿಕ್ಷೆಗೊಳಗಾದವರಿಗೇ ಹೆಚ್ಚು.

◆ ಅಮೆರಿಕದ ಒರೆಗಾನ್ ರಾಜ್ಯ 2021ರಲ್ಲಿ ಅಲ್ಪ ಪ್ರಮಾಣದ ಮಾದಕ ವಸ್ತು ಇಟ್ಟುಕೊಂಡವರಿಗೆ ಜೈಲಿನ ಬದಲು 100 ಡಾಲರ್ ದಂಡ ತಂದಿತು. ಸಹಾಯವಾಣಿಗೆ ಕರೆ ಮಾಡಿ ಆರೋಗ್ಯ ತಪಾಸಣೆಗೆ ಒಪ್ಪಿದರೆ ದಂಡ ಮಾಫಿ! ಮೊದಲ 15 ತಿಂಗಳಲ್ಲಿ ಬಂದ ಕರೆಗಳು ಬರೀ 119. ಚೀಟಿ ಕೈಗಿಟ್ಟು ನಂಬರ್ ತೋರಿಸಿದರೆ ಸಾಲದು, ಎದುರಿಗೆ ಕೂತು ಕೇಳುವವರು ಬೇಕು. ಅಷ್ಟರಲ್ಲಿ ಫೆಂಟನಿಲ್ ಎಂಬ ಪ್ರಬಲ ಮಾದಕದ ಹಾವಳಿಯೂ ಏರಿ, 2024ರ ಸೆಪ್ಟೆಂಬರ್‌ನಿಂದ ಅಲ್ಲಿ ಮಾದಕ ವಸ್ತು ಇಟ್ಟುಕೊಳ್ಳುವುದು ಮತ್ತೆ ಅಪರಾಧವಾಯಿತು.

◆ ನಮ್ಮಲ್ಲಿ? ಮಾದಕ ವಸ್ತುಗಳ ಕುರಿತ 1985ರ ಎನ್‌ಡಿಪಿಎಸ್ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಗಾಂಜಾ ಸೇದಿದರೆ 6 ತಿಂಗಳವರೆಗೆ ಜೈಲು, 10 ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ. ಬಹಳ ಮಂದಿಗೆ ತಿಳಿಯದ್ದು ಇದೇ ಕಾಯ್ದೆಯ 64ಎ ಸೆಕ್ಷನ್: ಇಂಥ ಪ್ರಕರಣದಲ್ಲಿ ಸಿಕ್ಕಿದ ವ್ಯಸನಿ ತಾನಾಗಿಯೇ ಮುಂದೆ ಬಂದು ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ ವಿಚಾರಣೆಯಿಂದ ವಿನಾಯಿತಿ ಇದೆ! ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ರಾಷ್ಟ್ರೀಯ ಉಚಿತ ಸಹಾಯವಾಣಿ: 14446.